ಅರ್ಹತೆ ಒಂದೇ, ಹೆಸರು ಮಾತ್ರ ಬೇರೆ: ನೇಮಕಾತಿಯಲ್ಲಿ ಲಿಂಗ ತಾರತಮ್ಯ

ಪ್ರಶ್ನೆ:
ನಮ್ಮ ಸಂಸ್ಥೆಯ ನೇಮಕಾತಿ ಸಮಿತಿಗೆ ನನ್ನನ್ನು ಸೇರಿಸಿದ್ದಾರೆ. ಸಮಿತಿಯಲ್ಲಿ ಮಹಿಳೆಯರಿದ್ದರೆ ಪಕ್ಷಪಾತ ತಾನಾಗಿಯೇ ನಿವಾರಣೆಯಾಗುತ್ತದೆ ಎಂಬುದು ಇಲ್ಲಿನ ಹಿರಿಯರ ಅಭಿಪ್ರಾಯ. ಸಾಮಾಜಿಕ ಮನೋವಿಜ್ಞಾನದ ಸಂಶೋಧನೆಗಳು ಇದನ್ನು ಸಮರ್ಥಿಸುತ್ತವೆಯೇ?

ಮೊದಲ ಉತ್ತರ:
ಇಲ್ಲ. ಯೇಲ್ ವಿಶ್ವವಿದ್ಯಾಲಯದ ಕೊರಿನ್ ಮಾಸ್-ರಾಕುಸಿನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಮೆರಿಕದ 127 ವಿಜ್ಞಾನ ಪ್ರಾಧ್ಯಾಪಕರಿಗೆ ಪ್ರಯೋಗಾಲಯ ವ್ಯವಸ್ಥಾಪಕರ ಹುದ್ದೆಯ ಒಂದೇ ಅರ್ಜಿಯನ್ನು ಕೆಲವರಿಗೆ ಜಾನ್ ಎಂಬ ಹೆಸರಿನಲ್ಲಿಯೂ ಉಳಿದವರಿಗೆ ಜೆನಿಫರ್ ಎಂಬ ಹೆಸರಿನಲ್ಲಿಯೂ ಕಳುಹಿಸಲಾಗಿತ್ತು. ಜಾನ್‌ಗೆ ಸರಾಸರಿ ಸುಮಾರು 30,200 ಡಾಲರ್ ವಾರ್ಷಿಕ ಸಂಬಳ ಸೂಚಿಸಿದರೆ, ಜೆನಿಫರ್‌ಗೆ ಸುಮಾರು 26,500 ಡಾಲರ್. ಜಾನ್ ಹೆಚ್ಚು ಸಮರ್ಥನೆಂದೂ ಅವರಿಗೆ ತೋರಿತು. ನನ್ನನ್ನು ಹೆಚ್ಚು ಕಳವಳಗೊಳಿಸಿದ ಸಂಗತಿಯೆಂದರೆ, ಮಹಿಳಾ ಪ್ರಾಧ್ಯಾಪಕರ ತೀರ್ಪೂ ಪುರುಷರ ತೀರ್ಪಿನಂತೆಯೇ ಇತ್ತು.

ಎರಡನೆಯ ಉತ್ತರ:
ಈ ಒಂದೇ ಪ್ರಯೋಗದಿಂದ ಎಲ್ಲವನ್ನೂ ನಿರ್ಧರಿಸಬಾರದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವೆಂಡಿ ವಿಲಿಯಮ್ಸ್ ಮತ್ತು ಸ್ಟೀಫನ್ ಸೆಸಿ 2015ರಲ್ಲಿ, ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಮಾನವಾಗಿ ಅತ್ಯುತ್ತಮ ಅರ್ಹತೆಯುಳ್ಳ ಕಾಲ್ಪನಿಕ ಅಭ್ಯರ್ಥಿಗಳಲ್ಲಿ ಮಹಿಳೆಯರಿಗೇ ಸುಮಾರು ಎರಡು ಪಟ್ಟು ಒಲವು ಕಂಡುಬಂದಿತೆಂದು ವರದಿ ಮಾಡಿದರು. ಅರ್ಹತೆ ನಿರ್ವಿವಾದವಾಗಿರುವಲ್ಲಿ ಪೂರ್ವಗ್ರಹಕ್ಕೆ ಆಸ್ಪದ ಕಡಿಮೆಯಿರಬಹುದು ಎಂಬುದು ನನ್ನ ಊಹೆ.

ಮೂರನೆಯ ಉತ್ತರ:
ನಿಮ್ಮ ಸಮಿತಿಗೆ ಹೆಚ್ಚು ಉಪಯುಕ್ತವಾದುದು ಮನೋವಿಜ್ಞಾನಿಗಳಾದ ಊಲ್ಮನ್ ಮತ್ತು ಕೋಹೆನ್ ಅವರ 2005ರ ಅಧ್ಯಯನ. ಪೊಲೀಸ್ ಮುಖ್ಯಸ್ಥರ ಹುದ್ದೆಗೆ ಆಯ್ಕೆ ಮಾಡುವಾಗ, ಪುರುಷ ಅಭ್ಯರ್ಥಿಯಲ್ಲಿ ಯಾವ ಗುಣವಿತ್ತೋ ಅದೇ ಮುಖ್ಯವೆಂದು ಜನರು ಮಾನದಂಡವನ್ನೇ ಬದಲಿಸಿಕೊಂಡರು. ಮಾನದಂಡವನ್ನು ಮೊದಲೇ ನಿಗದಿಪಡಿಸಿದಾಗ ಈ ತಾರತಮ್ಯ ಮರೆಯಾಯಿತು. ಆದ್ದರಿಂದ ಅರ್ಜಿಗಳನ್ನು ತೆರೆಯುವ ಮುನ್ನವೇ ಯಾವ ಅರ್ಹತೆಗೆ ಎಷ್ಟು ಅಂಕವೆಂದು ಬರೆದು ಎಲ್ಲ ಸದಸ್ಯರ ಸಹಿ ಪಡೆಯಿರಿ.