ಟೊರೆಂಟ್ ಇಳಿಸುವಾಗ ‘ಡಿಸ್ಕ್ ಓವರ್‌ಲೋಡೆಡ್ 100%’: ಕ್ಯಾಶ್ ಹೆಚ್ಚಿಸಿದರೆ ಸಾಕಾ?

ತುಂಗಾತೀರ: ಓಪನ್‌ಸ್ಟ್ರೀಟ್‌ಮ್ಯಾಪ್‌ನ ಪೂರ್ತಿ ಪ್ಲಾನೆಟ್ ಫೈಲನ್ನು, ಅಂದರೆ ಇಡೀ ಜಗತ್ತಿನ ಮುಕ್ತ ನಕ್ಷೆಯ ಡೇಟಾವನ್ನು, ಟೊರೆಂಟ್‌ನಲ್ಲಿ (ಹಲವರ ಕಂಪ್ಯೂಟರ್‌ಗಳಿಂದ ತುಂಡುತುಂಡಾಗಿ) ಇಳಿಸಬೇಕು. ಒಂದೇ ಫೈಲು, ಹತ್ತಿರಹತ್ತಿರ 80 ಜಿಬಿ. ವಿಂಡೋಸ್ 10, 8 ಜಿಬಿ ರ‍್ಯಾಮ್, 300 ಎಂಬಿಪಿಎಸ್ ಫೈಬರ್, ಟೊರೆಂಟ್ ಇಳಿಸೋಕೆ ಯುಟೊರೆಂಟ್ ಪ್ರೋಗ್ರಾಂ. ಫೈಲ್ ಹೋಗುತ್ತಿರುವುದು 2 ಟಿಬಿಯ ಪೋರ್ಟಬಲ್ ಹಾರ್ಡ್‌ಡಿಸ್ಕ್‌ಗೆ, ಯುಎಸ್‌ಬಿ 3.0, ಫೈಲ್ ಸಿಸ್ಟಂ (ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ಪದ್ಧತಿ) ಎಕ್ಸ್‌ಫ್ಯಾಟ್. ಶುರುವಿನಲ್ಲಿ ಹತ್ತು ಸೆಕೆಂಡ್ ಪೂರ್ತಿ ವೇಗ, ಆಮೇಲೆ ಸೊನ್ನೆ. ಕೆಳಗಡೆ ‘ಡಿಸ್ಕ್ ಓವರ್‌ಲೋಡೆಡ್ 100%’ ಅಂತ ಬರುತ್ತೆ. ಡಿಸ್ಕ್ ಹೋಗ್ತಾ ಇದೆಯಾ?

ಬಿಟ್_ಬೈಟ್: ಡಿಸ್ಕ್ ಕೆಟ್ಟಿದೆ ಅಂತ ಈಗಲೇ ಅಂದುಕೊಳ್ಳಬೇಡಿ. ಟೊರೆಂಟ್‌ನಲ್ಲಿ ಡೇಟಾ ಬರೋದು 16 ಕೆಬಿ ತುಂಡುಗಳಲ್ಲಿ, ಅದೂ ಫೈಲಿನ ಎಲ್ಲೆಲ್ಲಿಂದಲೋ. 300 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 37.5 ಎಂಬಿ, ಅಂದರೆ 2,200ಕ್ಕೂ ಹೆಚ್ಚು ತುಂಡು. ಕ್ಯಾಶ್, ಅಂದರೆ ರ‍್ಯಾಮ್‌ನಲ್ಲಿರುವ ತಾತ್ಕಾಲಿಕ ಜಾಗ, ಇವನ್ನು ಒಟ್ಟುಗೂಡಿಸಿ ದೊಡ್ಡ ಪೀಸ್ ಮಾಡಿ ಡಿಸ್ಕ್‌ಗೆ ಕೊಡಬೇಕು. ಪ್ರಿಫರೆನ್ಸಸ್ > ಅಡ್ವಾನ್ಸ್ಡ್ > ಡಿಸ್ಕ್ ಕ್ಯಾಶ್‌ಗೆ ಹೋಗಿ, ಕ್ಯಾಶ್ ಗಾತ್ರವನ್ನು ಕೈಯಾರೆ 512 ಎಂಬಿ ಮಾಡಿ. ‘ಮುಟ್ಟದ ಬ್ಲಾಕ್‌ಗಳನ್ನು 2 ನಿಮಿಷಕ್ಕೊಮ್ಮೆ ಬರೆ’, ‘ಮುಗಿದ ಪೀಸ್ ತಕ್ಷಣ ಬರೆ’ ಎರಡರ ಟಿಕ್ಕನ್ನೂ ತೆಗೆಯಿರಿ. ರ‍್ಯಾಮ್ ಇದೆ ಅಂತ 2,000 ಎಂಬಿ ಹಾಕಬೇಡಿ. ಅದು 32 ಬಿಟ್ ಪ್ರೋಗ್ರಾಂ, ಅಷ್ಟು ಮೆಮೊರಿ ಅದರ ಕೈಗೆ ಸಿಗಲ್ಲ, ಕ್ರ್ಯಾಶ್ ಆಗುತ್ತೆ.

ಸರ್ವರ್_ಕೋಣೆ: ತುಂಡುಗಳ ಲೆಕ್ಕ ಸರಿ, ಮದ್ದು ಸಾಲದು. 512 ಎಂಬಿ ಕ್ಯಾಶ್ 37.5 ಎಂಬಿ ವೇಗದಲ್ಲಿ 14 ಸೆಕೆಂಡಿಗೆ ತುಂಬಿಹೋಗುತ್ತೆ. ಡಿಸ್ಕ್ ಕಡೆ ಹರಿವು ನಿಂತಿದ್ದರೆ ತೊಟ್ಟಿ ದೊಡ್ಡದು ಮಾಡಿ ಏನು ಬಂತು? ಚದುರಿದ ಬರಹ ಅಷ್ಟೇ ಕಾರಣವಾಗಿದ್ದರೆ ವೇಗ 3–4 ಎಂಬಿಗೆ ಇಳಿದು ಕುಂಟುತ್ತಿತ್ತು. ಪೂರ್ತಿ ಸೊನ್ನೆ ಆಗ್ತಿದೆ ಅಂದರೆ ನನಗೆ ಅನುಮಾನ ಎಕ್ಸ್‌ಫ್ಯಾಟ್ ಮೇಲೆ.

ಒಂದು ಪರೀಕ್ಷೆ ಮಾಡಿ. ಸ್ಟಾರ್ಟ್‌ನಲ್ಲಿ ರೆಸ್‌ಮಾನ್ (resmon) ಅಂತ ಟೈಪಿಸಿ ರಿಸೋರ್ಸ್ ಮಾನಿಟರ್ ತೆಗೆದು, ಡಿಸ್ಕ್ ಟ್ಯಾಬ್ ನೋಡಿ. ಡೌನ್‌ಲೋಡ್ ಸೊನ್ನೆ ಇರುವಾಗ ಆ ಡಿಸ್ಕ್‌ಗೆ ಒಟ್ಟು ಬರಹ ಎಷ್ಟಿದೆ?

ತುಂಗಾತೀರ: ಡೌನ್‌ಲೋಡ್ 0. ಡಿಸ್ಕ್‌ಗೆ ಬರಹ ಸೆಕೆಂಡಿಗೆ 90 ಎಂಬಿ ಆಸುಪಾಸು, ಒಂದೇ ಸಮ.

ಸರ್ವರ್_ಕೋಣೆ: ಅಲ್ಲಿಗೆ ಗೊತ್ತಾಯ್ತು. ಬರುತ್ತಿರುವ ಡೇಟಾ ಏನೂ ಇಲ್ಲ, ಆದರೂ 90 ಎಂಬಿ ಬರೀತಿದೆ ಅಂದರೆ ಅದು ಸೊನ್ನೆ ತುಂಬುತ್ತಿದೆ. ಎಕ್ಸ್‌ಫ್ಯಾಟ್ ಪ್ರತಿ ಫೈಲಿಗೂ ‘ಇಲ್ಲಿವರೆಗೆ ನಿಜವಾದ ಡೇಟಾ ಇದೆ’ ಅನ್ನುವ ಒಂದು ಗಡಿ ಇಟ್ಟುಕೊಂಡಿರುತ್ತೆ. ಟೊರೆಂಟ್ ಕ್ರಮವಾಗಿ ಬರಲ್ಲವಲ್ಲ. ಮೊದಲ ಪೀಸೇ 60ನೇ ಜಿಬಿಯದ್ದು ಬಂತು ಅನ್ನಿ. ಅದನ್ನು ಬರೆಯೋ ಮುಂಚೆ ಹಿಂದಿನ 60 ಜಿಬಿಯನ್ನೂ ಸೊನ್ನೆಯಿಂದ ತುಂಬಲೇಬೇಕು. 90 ಎಂಬಿ ವೇಗಕ್ಕೆ ಅದು 11 ನಿಮಿಷದ ಕೆಲಸ. ಅಷ್ಟು ಹೊತ್ತೂ ಕ್ಯಾಶ್ ತುಂಬಿ ನಿಂತಿರುತ್ತೆ, ಪೀರ್‌ಗಳು (ನಿಮಗೆ ತುಂಡು ಕಳಿಸುತ್ತಿರುವವರು) ಕಾದು ಬಿಟ್ಟುಹೋಗ್ತಾರೆ.

ಬಿಟ್_ಬೈಟ್: ಹಾಗಿದ್ದರೆ ‘ಎಲ್ಲ ಫೈಲಿಗೂ ಮೊದಲೇ ಜಾಗ ಕಾಯ್ದಿರಿಸು’ ಆನ್ ಮಾಡಿದರೆ ಆಯ್ತಲ್ಲ? ವಿಂಡೋಸ್‌ನ ಮಾಮೂಲಿ ಫೈಲ್ ಸಿಸ್ಟಂ ಎನ್‌ಟಿಎಫ್‌ಎಸ್‌ನಲ್ಲಿ ಎಲ್ಲರೂ ಹೇಳೋದು ಅದನ್ನೇ.

ಸರ್ವರ್_ಕೋಣೆ: ಇಲ್ಲಿ ತುಂಬ ಜನ ಎಡವುತ್ತಾರೆ. ಜಾಗ ಕಾಯ್ದಿರಿಸಿದರೆ ಫೈಲಿನ ಗಾತ್ರ 80 ಜಿಬಿ ಆಗುತ್ತೆ, ಗಡಿ ಮಾತ್ರ ಇದ್ದಲ್ಲೇ ಇರುತ್ತೆ. ಸೊನ್ನೆ ತುಂಬುವ ಕೆಲಸ ತಪ್ಪಲ್ಲ. ಎನ್‌ಟಿಎಫ್‌ಎಸ್‌ನಲ್ಲೂ ಇದೇ ಗಡಿ ಇದೆ, ಆದರೆ ಅಲ್ಲಿ ಸ್ಪಾರ್ಸ್ ಫೈಲ್ ಅನ್ನುವ ದಾರಿ ಇದೆ: ಬರೆಯದ ಭಾಗಕ್ಕೆ ಜಾಗವನ್ನೇ ಕೊಡಲ್ಲ, ಸೊನ್ನೆಯನ್ನೂ ತುಂಬಲ್ಲ. ಎಕ್ಸ್‌ಫ್ಯಾಟ್‌ಗೆ ಸ್ಪಾರ್ಸ್ ಗೊತ್ತೇ ಇಲ್ಲ.

ಮಲ್ನಾಡ್_ಲಿನಕ್ಸ್: ಲಿನಕ್ಸ್‌ನ ಫೈಲ್ ಸಿಸ್ಟಂ ಎಕ್ಸ್‌ಟಿ4ರಲ್ಲಿ ಈ ಕಾಟವೇ ಇಲ್ಲ. ಕಾಯ್ದಿರಿಸಿದ ಜಾಗವನ್ನು ‘ಇನ್ನೂ ಬರೆದಿಲ್ಲ’ ಅಂತ ಗುರುತು ಹಾಕಿ ಸುಮ್ಮನಿರುತ್ತೆ.

ಇನ್ನೊಂದು ವಿಷಯ ಬಿಟ್ಟುಹೋಗಿದೆ. 2.5 ಇಂಚಿನ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಹೆಚ್ಚಿನವು ಎಸ್‌ಎಂಆರ್. ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಟ್ರ್ಯಾಕ್. ನಡುವೆ ಒಂದು ಕಡೆ ತಿದ್ದಬೇಕಾದರೆ ಆ ಸಾಲನ್ನೇ ಮತ್ತೆ ಬರೀಬೇಕು. ಒಳಗಿನ ತಾತ್ಕಾಲಿಕ ಜಾಗ ತುಂಬುವವರೆಗೆ ಚೆನ್ನಾಗಿ ಓಡುತ್ತೆ, ಆಮೇಲೆ ಕುಸಿಯುತ್ತೆ. ಸೊನ್ನೆ ತುಂಬೋದು ನಿಂತರೂ ಈ ಸಮಸ್ಯೆ ಉಳಿಯುತ್ತೆ. ಅದಕ್ಕೇ ನಾನು ಹೇಳೋದು, ಮುಗಿಯದ ಫೈಲುಗಳನ್ನು ಎಸ್‌ಎಸ್‌ಡಿಯಲ್ಲಿಡಿ, ಮುಗಿದ ಮೇಲೆ ಹಾರ್ಡ್‌ಡಿಸ್ಕ್‌ಗೆ ಸಾಗಿಸಿ. ಯುಟೊರೆಂಟ್‌ನ ಡೈರೆಕ್ಟರೀಸ್ ಪುಟದಲ್ಲಿ ಎರಡಕ್ಕೂ ಬೇರೆಬೇರೆ ಫೋಲ್ಡರ್ ಕೊಡಬಹುದು. ಸಾಗಿಸುವಾಗ ಡೇಟಾ ನೇರವಾಗಿ ಹೋಗುತ್ತೆ, ಎಸ್‌ಎಂಆರ್‌ಗೂ ಅದು ಹಿತ.

ಬಿಟ್_ಬೈಟ್: ಎಸ್‌ಎಸ್‌ಡಿ ಸವೆಯಲ್ವಾ?

ಮಲ್ನಾಡ್_ಲಿನಕ್ಸ್: ಆ ಹೆದರಿಕೆ ಬಿಡಿ. 150 ಟಿಬಿ ಬರಹಕ್ಕೆ ರೇಟಿಂಗ್ ಇರೋ 250 ಜಿಬಿ ಎಸ್‌ಎಸ್‌ಡಿಯಲ್ಲಿ ಇಂಥ 80 ಜಿಬಿ ಫೈಲನ್ನು 1,800 ಸಲ ಇಳಿಸಬಹುದು.

ತುಂಗಾತೀರ: ಎಸ್‌ಎಸ್‌ಡಿಯಲ್ಲಿ ಖಾಲಿ ಇರೋದು 30 ಜಿಬಿ ಅಷ್ಟೇ. ಡಿಸ್ಕನ್ನು ಎನ್‌ಟಿಎಫ್‌ಎಸ್‌ಗೆ ಬದಲಾಯಿಸಬಹುದಾ, ಒಳಗಿನ ಡೇಟಾ ಹೋಗದ ಹಾಗೆ?

ಸರ್ವರ್_ಕೋಣೆ: ಆಗಲ್ಲ. ವಿಂಡೋಸ್‌ನ ಕನ್ವರ್ಟ್ ಆಜ್ಞೆ ಫ್ಯಾಟ್ ಮತ್ತು ಫ್ಯಾಟ್32ಕ್ಕೆ ಮಾತ್ರ, ಎಕ್ಸ್‌ಫ್ಯಾಟ್‌ಗೆ ನಡೆಯಲ್ಲ. ಡೇಟಾ ಬೇರೆಡೆಗೆ ನಕಲು ಮಾಡಿ ಫಾರ್ಮ್ಯಾಟ್ ಮಾಡಬೇಕು. ಮಾಡಿದ ಮೇಲೆ ಯುಟೊರೆಂಟ್‌ನ ಅಡ್ವಾನ್ಸ್ಡ್ ಪಟ್ಟಿಯಲ್ಲಿ ಸ್ಪಾರ್ಸ್ ಫೈಲ್ಸ್ ‘ಟ್ರೂ’, ಜಾಗ ಕಾಯ್ದಿರಿಸೋದು ಆಫ್.

ಫಾರ್ಮ್ಯಾಟ್ ಬೇಡವಾದರೆ ಯುಟೊರೆಂಟ್ ಬದಲು ಕ್ಯೂಬಿಟ್‌ಟೊರೆಂಟ್ ಹಾಕಿಕೊಳ್ಳಿ. ಟೊರೆಂಟ್ ಸೇರಿಸುವಾಗಲೇ ‘ಅನುಕ್ರಮವಾಗಿ ಇಳಿಸು’ಗೆ ಟಿಕ್ ಹಾಕಿ. ಆಗ ಗಡಿ ಡೇಟಾದ ಜೊತೆಜೊತೆಗೇ ಮುಂದೆ ಸರಿಯುತ್ತೆ, ಸೊನ್ನೆಗೆ ಕೆಲಸವೇ ಇಲ್ಲ. ಆದರೆ ಅದರ ಪಕ್ಕದಲ್ಲೇ ಇರುವ ‘ಮೊದಲ ಮತ್ತು ಕೊನೆಯ ಪೀಸ್ ಮೊದಲು’ ಅನ್ನೋದನ್ನು ಮುಟ್ಟಲೇಬೇಡಿ. ಕೊನೆಯ ಪೀಸ್ ಬರೆದ ಕ್ಷಣ ಪೂರ್ತಿ 80 ಜಿಬಿ ಸೊನ್ನೆ ತುಂಬೋಕೆ ಹೊರಡುತ್ತೆ.

ಮಲ್ನಾಡ್_ಲಿನಕ್ಸ್: ಅನುಕ್ರಮ ಅನ್ನೋದನ್ನು ಅಭ್ಯಾಸ ಮಾಡಿಕೊಳ್ಳಬೇಡಿ ಅಂತ ಮಾತ್ರ ಕೇಳಿಕೊಳ್ತೀನಿ. ಅಪರೂಪದ ಪೀಸ್ ಮೊದಲು ಹಂಚಿಕೆಯಾಗೋದರಿಂದಲೇ ಟೊರೆಂಟ್ ಬದುಕಿರೋದು. ಪ್ಲಾನೆಟ್ ಫೈಲಿಗೆ ವೆಬ್ ಸೀಡ್ (ಪೂರ್ತಿ ಫೈಲ್ ಕೊಡುವ ವೆಬ್ ಸರ್ವರ್) ಇದೆ, ತೊಂದರೆ ಇಲ್ಲ. ಪೂರ್ತಿ ಫೈಲ್ ಇಟ್ಟುಕೊಂಡು ಹಂಚುವ ಸೀಡರ್ ಒಬ್ಬಿಬ್ಬರೇ ಇರೋ ಕಡೆ ಎಲ್ಲರೂ ಅನುಕ್ರಮವಾಗಿ ಎಳೆದರೆ ಕೊನೆಯ ಭಾಗ ಯಾರಲ್ಲೂ ಇರಲ್ಲ.

ಬಿಟ್_ಬೈಟ್: ಒಪ್ಪಿದೆ, ಕ್ಯಾಶ್ ಇಲ್ಲಿ ಮೂಲವಲ್ಲ. ಕ್ಯೂಬಿಟ್‌ಟೊರೆಂಟ್‌ಗೆ ಹೋಗುವವರಿಗೆ ಒಂದು ಮಾತು: ಲಿಬ್‌ಟೊರೆಂಟ್ (ಅದರೊಳಗಿನ ಟೊರೆಂಟ್ ಎಂಜಿನ್) 2.0 ಇರುವ ಆವೃತ್ತಿ ಫೈಲನ್ನು ಮೆಮೊರಿಗೆ ಮ್ಯಾಪ್ ಮಾಡುತ್ತೆ, 8 ಜಿಬಿ ರ‍್ಯಾಮ್ ಇದ್ದರೆ ಇಡೀ ವಿಂಡೋಸ್ ಜಗ್ಗಬಹುದು. 1.2 ಇರುವುದನ್ನೇ ತಗೊಳ್ಳಿ, ಅದರಲ್ಲಿ ಕ್ಯಾಶ್ ಗಾತ್ರ ನಿಮ್ಮ ಕೈಯಲ್ಲೇ ಇರುತ್ತೆ. ಡೌನ್‌ಲೋಡ್ ಫೋಲ್ಡರನ್ನು ವಿಂಡೋಸ್‌ನ ಆಂಟಿವೈರಸ್ ಡಿಫೆಂಡರ್‌ನ ಹೊರಗಿಡುವ ಪಟ್ಟಿಗೆ ಸೇರಿಸಿ, ಮುಗಿದ ಮೇಲೆ ಒಮ್ಮೆ ಕೈಯಾರೆ ಸ್ಕ್ಯಾನ್ ಮಾಡಿ. ಏಕಕಾಲಕ್ಕೆ ಒಂದೇ ಡೌನ್‌ಲೋಡ್.

ತುಂಗಾತೀರ: ಅನುಕ್ರಮ ಹಾಕಿ ಶುರು ಮಾಡಿದೆ. 40 ನಿಮಿಷದಿಂದ ಸೆಕೆಂಡಿಗೆ 30 ಎಂಬಿ ಬರ್ತಿದೆ, ನಿಂತಿಲ್ಲ. ಡಿಸ್ಕ್ ಆರೋಗ್ಯ ಹೇಗೂ ನೋಡಿಬಿಡೋಣ ಅಂತ, ಏನು ನೋಡಬೇಕು?

ಸರ್ವರ್_ಕೋಣೆ: ಡಿಸ್ಕ್ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪ್ರೋಗ್ರಾಂನಲ್ಲಿ 05 (ಕೆಟ್ಟು ಬದಲಿ ಜಾಗ ಕೊಟ್ಟ ಸೆಕ್ಟರ್‌ಗಳು), ಸಿ5 (ಓದಲಾಗದೆ ಅನುಮಾನದಲ್ಲಿರುವ ಸೆಕ್ಟರ್‌ಗಳು), ಸಿ7 (ಡೇಟಾ ಸಾಗಣೆಯ ದೋಷಗಳು) ಮೂರು ಸಾಲಿನ ರಾ ವ್ಯಾಲ್ಯೂ. ಮೊದಲೆರಡು ಸೊನ್ನೆ ಇರಬೇಕು; ಸಿ5 ಏರುತ್ತಿದ್ದರೆ ಆವತ್ತೇ ಬ್ಯಾಕಪ್ ತೆಗೆಯಿರಿ. ಸಿ7 ಏರುತ್ತಿದ್ದರೆ ಕೇಬಲ್ ಅಥವಾ ಕನೆಕ್ಟರ್ ಕಡೆ ನೋಡಿ. ಇಳಿದ ಮೇಲೆ ಫೋರ್ಸ್ ರೀಚೆಕ್ (ಇಳಿದ ಡೇಟಾ ಸರಿಯಿದೆಯಾ ಅಂತ ಮತ್ತೆ ಓದಿ ನೋಡುವುದು) ಒಮ್ಮೆ ಕೊಡಿ, ಕಾಲು ಗಂಟೆ ಹಿಡಿಯುತ್ತೆ. ಆ ಹೊತ್ತಲ್ಲಿ ಬೇರೆ ಟೊರೆಂಟ್ ಯಾವುದೂ ಓಡುತ್ತಿರಬಾರದು.