ಜಗಲಿಯಲ್ಲಿ ಕೂತರೆ ಕಡಲು ಕಾಣುತ್ತದಾ?

ಪದವಿನವ:
ಕಾಸರಗೋಡಿನ ಸೀತಾಂಗೋಳಿ ಹತ್ತಿರ ಪದವಿನ (ಗುಡ್ಡದ ಮೇಲಿನ ಬಯಲಿನ) ಅಂಚಿಗೆ 15 ಸೆಂಟ್ಸ್ ಜಾಗ ಇದೆ. ಮನೆ ಕಟ್ಟಲು ಮುರಕಲ್ಲು ಬಂದು ಬಿದ್ದಿದೆ, ಪಂಚಾಂಗಕ್ಕೆ (ಅಡಿಪಾಯದ ಕಟ್ಟೆಗೆ) ಇನ್ನೂ ಕೈ ಹಾಕಿಲ್ಲ. ಜಗಲಿಯಲ್ಲಿ ಕೂತರೆ ಪಡುಬದಿಗೆ ಕಡಲು ಕಾಣಬೇಕು, ಅದೊಂದೇ ಆಸೆ. ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ, ಎಲ್ಲಿಂದ ಏನು ಕಾಣುತ್ತದೆ ಎಂದು ಲೆಕ್ಕ ಹಾಕುವ ವಿಸಿಬಿಲಿಟಿ ಪ್ಲಗಿನ್‌ಗೆ ಎಸ್‌ಆರ್‌ಟಿಎಂ (ಬಾಹ್ಯಾಕಾಶ ನೌಕೆಯಿಂದ ಅಳೆದ) ಎತ್ತರದ ನಕ್ಷೆ ಕೊಟ್ಟೆ. ಕಡಲು ಪೂರಾ ಕಾಣುತ್ತದೆ ಎಂದು ಬಂತು. ಜಾಗದಲ್ಲಿ ನಿಂತರೆ ಕಾಣುವುದು ಪಕ್ಕದವರ ಅಕೇಶಿಯಾ ಮಾತ್ರ! ಅವರೂ ಅಲ್ಲೇ ಮಾಳಿಗೆ ಮನೆ ಕಟ್ಟುತ್ತಾರಂತೆ. ಎಲ್ಲಿ ತಪ್ಪಿದೆ?

ನಕ್ಷೆಗಾರ:
ತಪ್ಪು ನಿಮ್ಮದಲ್ಲ. ಆ ನಕ್ಷೆಗೆ ಅಳತೆ ಮಾಡಿದ್ದು 2000ದ ಫೆಬ್ರವರಿಯಲ್ಲಿ. ಆಮೇಲೆ ನೆಟ್ಟ ಮರ ಅದಕ್ಕೆ ಗೊತ್ತಿಲ್ಲ. ಅದರ ಒಂದೊಂದು ಚೌಕ ಸುಮಾರು 30 ಮೀಟರ್ ಉದ್ದ, ಅಷ್ಟೇ ಅಗಲ. ಅಂದರೆ 22 ಸೆಂಟ್ಸ್. ನಿಮ್ಮ ಇಡೀ ಜಾಗ ಒಂದೇ ಚೌಕದಲ್ಲಿ ಮುಳುಗಿಹೋಗುತ್ತದೆ, ಅಲ್ವಾ? ಮರ, ಮನೆಗಳ ಎತ್ತರ ನೀವೇ ಸೇರಿಸಬೇಕು. ಭೂಮಿಯ ಬಾಗನ್ನು ಲೆಕ್ಕಕ್ಕೆ ಹಿಡಿಯುವ ಆಯ್ಕೆಗೂ ಟಿಕ್ ಹಾಕಿ. 8 ಕಿಲೋಮೀಟರ್‌ಗೆ ಹತ್ತಿರಹತ್ತಿರ 5 ಮೀಟರ್ ಅದೇ ತಿನ್ನುತ್ತದೆ. ಕಣ್ಣಿನ ಎತ್ತರ ಎಷ್ಟು ಕೊಟ್ಟಿರಿ?

ಪದವಿನವ:
ಅದರಲ್ಲಿ ಇದ್ದ 1.6 ಮೀಟರನ್ನೇ ಬಿಟ್ಟೆ.

ನಕ್ಷೆಗಾರ:
ಅದು ನಿಂತವರ ಕಣ್ಣು. ಕೂತವರಿಗೆ 1.2 ಸಾಕು. ಪಂಚಾಂಗದ ಎತ್ತರ ಅದರ ಮೇಲೆ ಕೂಡಿಸಿ.

ದೋಟಿ:
ಕಂಪ್ಯೂಟರ್ ಆಮೇಲೆ ಮಾರಾಯ್ರೆ. ಅಡಿಕೆ ಕೊಯ್ಯುವ ಫೈಬರ್ ದೋಟಿ ಯಾರ ಹತ್ತಿರವಾದರೂ ಇರುತ್ತದೆ. ತುದಿಗೆ ಕೆಂಪು ಬಟ್ಟೆ ಕಟ್ಟಿ. ಪಕ್ಕದವರ ಮನೆ ಬರುವ ಜಾಗದಲ್ಲಿ 24 ಅಡಿಗೆ ನಿಲ್ಲಿಸಿ. ನೀವು ಇತ್ತ ಪಂಚಾಂಗದ ಎತ್ತರಕ್ಕೆ ಕಲ್ಲು ಪೇರಿಸಿ, ಮೇಲೊಂದು ಕುರ್ಚಿ ಹಾಕಿ ಕೂತು ನೋಡಿ. ಬಟ್ಟೆಗಿಂತ ಕೆಳಗೆ ಇರುವುದೆಲ್ಲ ಹೋಯಿತು ಅಂತ ಲೆಕ್ಕ.

ಮಾರ್ಗದ ಕರೆ:
ಉಲ್ಟಾನೂ ನೋಡಿ. ನಾನು ನೋಡದೆ ಕೆಟ್ಟೆ. ಈಗ ಬಸ್ಸಿನಲ್ಲಿ ಕೂತವರಿಗೆ ನಮ್ಮ ಅಡುಗೆಮನೆಯ ಒಲೆಯೂ ಕಾಣುತ್ತದೆ. ಕಂಪ್ಯೂಟರ್ ನಕ್ಷೆಯಲ್ಲಿ ಮಾರ್ಗದ ಮೇಲೆ ಬಿಂದು ಇಟ್ಟು, 2 ಮೀಟರ್ ಎತ್ತರ ಕೊಟ್ಟು, ನಿಮ್ಮ ಮನೆ ಕಾಣುತ್ತದಾ ನೋಡಿ.

ಪದವಿನವ:
ಭಾನುವಾರ ದೋಟಿ ನಿಲ್ಲಿಸಿದೆವು. ಬೈಲಿನ ಅಡಿಕೆ ತೋಟದಿಂದ ತೊಂದರೆಯೇ ಇಲ್ಲ, ಅದು ತುಂಬಾ ಕೆಳಗಿದೆ. ಪಕ್ಕದ ಮನೆ ಎದ್ದರೆ ನೇರಕ್ಕೆ ಕಡಲು ಇಲ್ಲ. ಕುರ್ಚಿಯನ್ನು ತೆಂಕು ಮೂಲೆಗೆ ಸರಿಸಿದರೆ ಬಟ್ಟೆಯ ಎಡಕ್ಕೆ, ಅಕೇಶಿಯಾದ ಸಂದಿಯಲ್ಲಿ ಬೆರಳಗಲ ಬೆಳ್ಳಿಗೆರೆ ಕಾಣುತ್ತದೆ. ಜಗಲಿಯನ್ನು ಅತ್ತ ತಿರುಗಿಸೋಣ ಎಂದೆ. ಅಮ್ಮನಿಗೆ ಕಡಲು ಬೇಡವಂತೆ, ಕೂತಲ್ಲಿಂದ ಗೇಟು ಕಾಣಬೇಕಂತೆ. ಗೇಟು ಇರುವುದು ಮೂಡಕ್ಕೆ.