ಟೆಕ್ ಬಳಗ ಸೇರಬೇಕು, ದಾವಣಗೆರೆಯಲ್ಲಿ ಎಲ್ಲಿಂದ ಶುರು ಮಾಡಲಿ?

ಕೇಳಿದವರು: ಮೂರನೇ ಸೆಮ್, ಕಂಪ್ಯೂಟರ್ ಸೈನ್ಸ್
ನಮ್ಮ ಕಾಲೇಜಲ್ಲಿ ಕೋಡಿಂಗ್ ಕ್ಲಬ್ ಇದೆ. ಉದ್ಘಾಟನೆ, ಶಾಲು, ಹಾರ ಎಲ್ಲಾ ಆಯಿತು, ಆಮೇಲೆ ಸದ್ದೇ ಇಲ್ಲ. ಮೀಟಪ್ ಅಂದರೆ ಬೆಂಗಳೂರು. ಪ್ರತಿ ಸಲ ರೈಲಿಗೆ ಮನೆಯಲ್ಲಿ ದುಡ್ಡು ಕೇಳುವುದಕ್ಕಾಗಲ್ಲ. ಅನುಭವ ಇರುವ ಅಣ್ಣಂದಿರು, ಅಕ್ಕಂದಿರು ಹೇಳಿ.

ಹಳೇ ವಿದ್ಯಾರ್ಥಿ
ತಮ್ಮಾ, ಕ್ಲಬ್ ಎದ್ದೇಳಲಿ ಅಂತ ಕಾಯಬೇಡ. ನಾವು ಶನಿವಾರ ಮಧ್ಯಾಹ್ನ ಲ್ಯಾಬ್ ಕೇಳಿಕೊಂಡು, ಬಂದವರ ಲ್ಯಾಪ್‌ಟಾಪ್‌ಗೆ ಲಿನಕ್ಸ್ (ವಿಂಡೋಸ್ ಥರದ್ದೇ, ಆದರೆ ಉಚಿತವಾದ ಆಪರೇಟಿಂಗ್ ಸಿಸ್ಟಂ) ಹಾಕಿಕೊಡುವುದಕ್ಕೆ ಶುರು ಮಾಡಿದೆವು. ಭಾಷಣ ಇಲ್ಲ, ಬ್ಯಾನರ್ ಇಲ್ಲ. ನಿಧಾನ ಆಗಿರುವ ಲ್ಯಾಪ್‌ಟಾಪ್ ತನ್ನಿ ಅಂದರೆ ಜನ ತಾವಾಗೇ ಬರುತ್ತಾರೆ. ಲಿನಕ್ಸ್‌ನಲ್ಲೇ ಒಂದು ಬಗೆಯಾದ ಉಬುಂಟು 24.04ರ ಫೈಲೇ ಸುಮಾರು 6 ಜಿಬಿ. ಕಾಲೇಜಿನ ವೈಫೈ ನಂಬಿ ಕೂತರೆ ಸಂಜೆಯಾಗುತ್ತದೆ. ಹಿಂದಿನ ರಾತ್ರಿಯೇ ಇಳಿಸಿ, 8 ಜಿಬಿ ಪೆನ್‌ಡ್ರೈವ್‌ಗಳಿಂದಲೇ ಲ್ಯಾಪ್‌ಟಾಪ್ ಬೂಟ್ ಆಗುವ, ಅಂದರೆ ಶುರುವಾಗುವ ಹಾಗೆ ಮಾಡಿಟ್ಟುಕೊಳ್ಳಿ. ವಿಂಡೋಸ್ ಜತೆಗೇ ಹಾಕುವುದಾದರೆ ಮೊದಲು ಬ್ಯಾಕಪ್. ಆಮೇಲೆ ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ, ಆನ್ ಇದೆಯಾ ನೋಡಿ. ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳದೆ ಕೈ ಹಾಕಲೇಬೇಡಿ. ಯಾರದೋ ಪ್ರಾಜೆಕ್ಟ್ ಒಳಗೇ ಸಿಕ್ಕಿಹಾಕಿಕೊಂಡರೆ ಬೈಗುಳ ನಿಮಗೆ! ಮುಂದಿನ ವಾರವೂ ಸುಮ್ನೆ ಬಂದು ಕೂರುವ ನಾಲ್ಕೈದು ಜನ ಇರುತ್ತಾರಲ್ಲ, ಅವರೇ ನಿನ್ನ ಬಳಗ. ಜನ ಸಾಲದಿದ್ದರೆ ಬೇರೆ ಕಾಲೇಜಿನವರನ್ನೂ ಕರಿ. ಯುಬಿಡಿಟಿ, ಬಿಐಇಟಿ, ಜಿಎಂಐಟಿ ಎಲ್ಲಾ ಇದೇ ಊರಲ್ಲೇ ಇವೆ. ಮುಗಿದ ಮೇಲೆ ಮಂಡಕ್ಕಿ ಮಿರ್ಚಿ ಇದ್ದೇ ಇದೆ.

ಜಗಳೂರಿನವಳು
ಬಸ್ಸಲ್ಲಿ ಓಡಾಡುವವರ ಕಥೆ ಬೇರೆ ಅಣ್ಣ, ಸಂಜೆ ಉಳಿಯುವ ಹಾಗಿಲ್ಲ. ನಾನು ಮೊಬೈಲಲ್ಲೇ ಆಗುವ ಕೆಲಸ ಹಿಡಿದೆ. ಟ್ರಾನ್ಸ್‌ಲೇಟ್‌ವಿಕಿ ಅನ್ನುವ ಅನುವಾದದ ಸೈಟಲ್ಲಿ ವಿಕಿಪೀಡಿಯದ ಬಟನ್, ಸೂಚನೆಗಳನ್ನು ಕನ್ನಡಕ್ಕೆ ತರುವುದು. ಸಾಲಿನ ನಡುವೆ ಡಾಲರ್ ಗುರುತಿನ ಜತೆ ಒಂದು ಅಂಕಿ ಬರುತ್ತದೆ, ಅದನ್ನು ಅಳಿಸಬಾರದು. ಹೆಸರೋ ಸಂಖ್ಯೆಯೋ ಆಮೇಲೆ ಅಲ್ಲಿ ಬಂದು ಕೂರುತ್ತದೆ. ಕೋಡ್ ಬರೆಯದೇ ಇದ್ದರೂ ಒಳಗಿನ ಕೆಲಸ ಹೇಗೆ ನಡೆಯುತ್ತದೆ ಅಂತ ಗೊತ್ತಾಯಿತು.

ಫೈನಲ್ ಇಯರ್
ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಬಿಡಬೇಡ, ಕೊಟ್ಟ ಸಮಸ್ಯೆಗೆ ತಂಡ ಕಟ್ಟಿ ಪರಿಹಾರ ಮಾಡುವ ದೇಶಮಟ್ಟದ ವಿದ್ಯಾರ್ಥಿ ಸ್ಪರ್ಧೆ ಅದು. ಒಂದೇ ಕಾಲೇಜಿನ 6 ಜನರ ತಂಡ ಬೇಕು, ಅದರಲ್ಲಿ ಒಬ್ಬ ಹುಡುಗಿಯಾದರೂ ಇರಲೇಬೇಕು. ಮೊದಲ ಸುತ್ತು ಕಾಲೇಜಲ್ಲೇ. ನೋಟಿಸ್ ಬರುವ ಹೊತ್ತಿಗೆ ಒಳ್ಳೆಯ ತಂಡಗಳೆಲ್ಲ ತುಂಬಿರುತ್ತವೆ, ಈಗಲೇ ಜನ ಹುಡುಕು.

ಕೇಳಿದವರು
ಥ್ಯಾಂಕ್ಸ್. ಆದರೆ ಲ್ಯಾಬ್ ಕೊಡುತ್ತಾರಾ ಅಣ್ಣ?

ಹಳೇ ವಿದ್ಯಾರ್ಥಿ
ಲ್ಯಾಬಿನ ಕಂಪ್ಯೂಟರ್ ಮುಟ್ಟಲ್ಲ, ಟೇಬಲ್ ಮತ್ತು ಪ್ಲಗ್ ಸಾಕು ಅಂತ ಪತ್ರದಲ್ಲಿ ಬರಿ. ಮೇಷ್ಟ್ರೊಬ್ಬರ ಸಹಿ ಹಾಕಿಸು. ಅಟೆಂಡರ್‌ಗೂ ಹಿಂದಿನ ದಿನವೇ ಹೇಳಿರು, ಬೀಗದ ಕೈ ಇರುವುದು ಅವರ ಹತ್ತಿರ.